ಗಂಡನಿಗೆ ಪೋಸ್ಟಿಂಗ್, ಹೆಂಡತಿಗೆ ರಾಜೀನಾಮೆ

1988ರ ಆಗಸ್ಟ್‌ನಲ್ಲಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಅವರು ಸೇನೆಯ ಮೇಜರ್ ಒಬ್ಬರನ್ನು ಮದುವೆಯಾಗಿದ್ದರು. ಮದುವೆಯಾದ ನರ್ಸಿಂಗ್ ಅಧಿಕಾರಿಯ ಕೆಲಸ ತೆಗೆಯಲು 1977ರ ಒಂದು ಸೇನಾ ಆದೇಶ ಅವಕಾಶ ಕೊಟ್ಟಿತ್ತು. ಅದೇ ಮದುವೆಯಿಂದ ಮೇಜರ್ ಸಾಹೇಬರ ಕೆಲಸಕ್ಕೆ ಏನೂ ಆಗಲಿಲ್ಲ. ಆ ಆದೇಶವನ್ನು 1995ರಲ್ಲಿ ಹಿಂದಕ್ಕೆ ಪಡೆದರು. ಸೆಲಿನಾ ಅವರ ವ್ಯಾಜ್ಯ ಮಾತ್ರ ಸುಪ್ರೀಂ ಕೋರ್ಟಿನವರೆಗೂ ಹೋಗಿ 2024ರ ಫೆಬ್ರವರಿಯಲ್ಲಿ ಮುಗಿಯಿತು. ಮದುವೆಯಾದಳೆಂದು ಹೆಣ್ಣನ್ನು ಕೆಲಸದಿಂದ ತೆಗೆಯುವುದು ಲಿಂಗತಾರತಮ್ಯವಲ್ಲದೆ ಬೇರೇನಲ್ಲ ಎಂದು ಹೇಳಿದ ಕೋರ್ಟು, 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಅಷ್ಟು ಹೊತ್ತಿಗೆ ಮೂವತ್ತೈದು ವರ್ಷ ದಾಟಿ, ನೌಕರಿ ಮಾಡುವ ವಯಸ್ಸೇ ಮುಗಿದಿತ್ತು.

ಈಗ ಅಂಥ ಆದೇಶವಿಲ್ಲ. ಆದರೂ ಸೈನಿಕನನ್ನು ಕೈಹಿಡಿದವಳ ಕೆಲಸ ಹೋಗುತ್ತಲೇ ಇದೆ. ಯಾರೂ ಆಕೆಯನ್ನು ತೆಗೆಯುವುದಿಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಗಂಡನಿಗೆ ಪೋಸ್ಟಿಂಗ್ ಬರುತ್ತದೆ, ಆಕೆ ತಾನಾಗಿಯೇ ರಾಜೀನಾಮೆ ಬರೆದುಕೊಡುತ್ತಾಳೆ.

ಪೋಸ್ಟಿಂಗ್‌ನಲ್ಲಿ ಎರಡು ಬಗೆ. ಪೀಸ್ ಸ್ಟೇಷನ್ ಅಂದರೆ ಬೆಂಗಳೂರು, ಬೆಳಗಾವಿ, ಪುಣೆ, ಜಬಲ್ಪುರದಂಥ ಊರು. ಕ್ವಾರ್ಟರ್ಸ್ ಸಿಕ್ಕರೆ ಸಂಸಾರ ಜೊತೆಗಿರಬಹುದು. ಫೀಲ್ಡ್ ಅಂದರೆ ಗಡಿ, ಕಾಶ್ಮೀರ ಕಣಿವೆ, ಸಿಯಾಚಿನ್. ಅಲ್ಲಿ ಹೆಂಡತಿ ಮಕ್ಕಳಿಗೆ ಜಾಗವಿಲ್ಲ. ಗಂಡ ಫೀಲ್ಡಿಗೆ ಹೋದಾಗ ಆಕೆ ತವರಿಗೆ ಹೋಗಬೇಕು, ಇಲ್ಲ ಅತ್ತೆಮನೆಗೆ, ಇಲ್ಲವೇ ಇಂಥ ಕುಟುಂಬಗಳಿಗೆಂದೇ ಇರುವ ಎಸ್.ಎಫ್. ಕ್ವಾರ್ಟರ್ಸ್‌ಗೆ ಅರ್ಜಿ ಹಾಕಬೇಕು. ಸೋಜಿಗವೆಂದರೆ, ಕೆಲಸಕ್ಕೆ ಹೋಗುವ ಹೆಣ್ಣಿಗೆ ಒಂದೇ ಊರಲ್ಲಿ ನೆಲೆ ನಿಲ್ಲಲು ಆಗುವುದು ಎಷ್ಟೋ ಸಲ ಗಂಡ ಜೊತೆಗಿಲ್ಲದ ಈ ಫೀಲ್ಡ್ ವರ್ಷಗಳಲ್ಲೇ. ಗಂಡ ಬೇಕೋ ಕೆಲಸ ಬೇಕೋ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ವ್ಯವಸ್ಥೆಯೇ ಕೇಳುತ್ತದೆ.

ಪೋಸ್ಟಿಂಗ್ ಬಂದ ಮನೆಯಲ್ಲಿ ಮೊದಲು ಹೊರಗೆ ಬರುವುದು ಕಪ್ಪು ಟ್ರಂಕುಗಳು. ಮೇಲೆ ಬಿಳಿ ಪೇಂಟಿನಲ್ಲಿ ರ‍್ಯಾಂಕು, ಹೆಸರು, ಯೂನಿಟ್ಟು. ಹಳೆಯ ಯೂನಿಟ್ಟಿನ ಮೇಲೆ ಕಪ್ಪು ಬಳಿದು ಹೊಸದನ್ನು ಬರೆಸುತ್ತಾರೆ; ನಾಲ್ಕಾರು ಪೋಸ್ಟಿಂಗ್ ಕಂಡ ಟ್ರಂಕಿನ ಮೇಲೆ ಪೇಂಟು ದಪ್ಪಗೆ ಕೂತಿರುತ್ತದೆ. ಮಕ್ಕಳ ಟಿ.ಸಿ. ತರಬೇಕು, ಗ್ಯಾಸ್ ಸಿಲಿಂಡರ್ ಒಪ್ಪಿಸಬೇಕು, ಕ್ವಾರ್ಟರ್ಸ್‌ನಲ್ಲಿ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನವರು (ಎಂ.ಇ.ಎಸ್.) ಕೊಟ್ಟಿದ್ದ ಮಂಚ ಕುರ್ಚಿಗಳ ಲೆಕ್ಕ ಕೊಡಬೇಕು. ಇದಕ್ಕೆಲ್ಲ ಒಂದು ಪದ್ಧತಿ ಇದೆ. ಸಾಮಾನು ಸಾಗಿಸುವ ಖರ್ಚನ್ನು ಸರ್ಕಾರ ಕೊಡುತ್ತದೆ. ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯವಿದೆ. ವರ್ಗವಾಗುತ್ತಿರುವ ನೌಕರರ ಮಕ್ಕಳ ಓದು ಕೆಡಬಾರದೆಂದೇ 1963ರಲ್ಲಿ ಆ ಶಾಲೆಗಳು ಶುರುವಾದವು. ಗಂಡನ ಸೀನಿಯಾರಿಟಿ ಅವನ ಜೊತೆಗೇ ಪ್ರಯಾಣ ಮಾಡುತ್ತದೆ. ಹೋದ ಊರಲ್ಲಿ ಸೊನ್ನೆಯಿಂದ ಶುರು ಮಾಡಬೇಕಾದವಳು ಮನೆಯಲ್ಲಿ ಒಬ್ಬಳೇ.

ಧಾರವಾಡದಲ್ಲಿ ಬಿ.ಎಡ್. ಮುಗಿಸಿ, ಕರ್ನಾಟಕದ ಟಿ.ಇ.ಟಿ. ಪಾಸು ಮಾಡಿದ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಗಂಡನಿಗೆ ಅಸ್ಸಾಮಿನ ತೇಜ್‌ಪುರಕ್ಕೆ ಪೋಸ್ಟಿಂಗ್. ಬಿ.ಎಡ್. ದೇಶದ ಎಲ್ಲ ಕಡೆ ನಡೆಯುತ್ತದೆ, ಕರ್ನಾಟಕದ ಟಿ.ಇ.ಟಿ. ಅಲ್ಲಿನ ಸರ್ಕಾರಿ ಶಾಲೆಗೆ ನಡೆಯದು. ಜೊತೆಗೆ ಅಲ್ಲಿನ ಭಾಷೆಯೂ ಬರಬೇಕು. ಅಕ್ಷರ ಕಲಿತು ಮಾತು ಕೂಡಿಬರುವ ಹೊತ್ತಿಗೆ ರಾಜಸ್ಥಾನದ ಯಾವುದೋ ಊರಿಗೆ ಆರ್ಡರ್ ಬಂದಿರುತ್ತದೆ. ಇಂಥವಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಸಿ.ಬಿ.ಎಸ್.ಇ. ನಡೆಸುವ ಕೇಂದ್ರದ ಸಿ.ಟಿ.ಇ.ಟಿ. ಮೊದಲು ಅದರ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಷ್ಯವಿತ್ತು. 2021ರಲ್ಲಿ ಆ ಮಿತಿ ತೆಗೆದು ಜೀವನಪರ್ಯಂತ ಮಾನ್ಯ ಮಾಡಿದರು. ಸೈನಿಕರ ಹೆಂಡತಿಯರಿಗೆಂದು ಮಾಡಿದ ಬದಲಾವಣೆ ಅದಲ್ಲ. ಆದರೆ ಅವರಷ್ಟು ಲಾಭ ಅದರಿಂದ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ.

‘ಟೀಚರ್ ಆಗಿಬಿಡು’ ಎಂಬ ಸಲಹೆ ಕಂಟೋನ್ಮೆಂಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ಕಾರಣವೂ ಇದೆ. 1983ರಲ್ಲಿ ಹುಟ್ಟಿದ ಆರ್ಮಿ ವೆಲ್ಫೇರ್ ಎಜುಕೇಶನ್ ಸೊಸೈಟಿ ಈಗ ದೇಶದಲ್ಲಿ 130ಕ್ಕೂ ಹೆಚ್ಚು ಆರ್ಮಿ ಪಬ್ಲಿಕ್ ಶಾಲೆಗಳನ್ನು ನಡೆಸುತ್ತಿದೆ. ಸೊಸೈಟಿಯ ಒಂದೇ ಆನ್‌ಲೈನ್ ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ಯಾವ ಊರಿನ ಆರ್ಮಿ ಶಾಲೆಗಾದರೂ ಅರ್ಜಿ ಹಾಕಬಹುದು. ಸಂದರ್ಶನ ಮತ್ತು ಪಾಠ ಮಾಡಿ ತೋರಿಸುವುದು ಆಯಾ ಶಾಲೆಯಲ್ಲಿ. ಒಂದು ರಾಜ್ಯದ ಗಡಿ ದಾಟಿದರೆ ಅರ್ಹತೆಯೇ ಕರಗಿಹೋಗುವ ದೇಶದಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ವರ್ಗವಾಗುವವರಿಗೆ ಅಲ್ಲಿ ಸಿಗುವುದು ಹೆಚ್ಚಿನಂಶ ನಿಗದಿತ ಅವಧಿಯ ಇಲ್ಲವೇ ತಾತ್ಕಾಲಿಕ ನೇಮಕ. ಅದೂ ಅಲ್ಲದೆ, ಮೈಕ್ರೊಬಯಾಲಜಿ ಓದಿದವಳಿಗೂ ಸಿವಿಲ್ ಎಂಜಿನಿಯರಿಗೂ ಎಚ್.ಆರ್. ಮ್ಯಾನೇಜರಿಗೂ ಅದೊಂದೇ ಬಾಗಿಲು ತೋರಿಸಿದರೆ ಶಾಲೆಗೂ ನ್ಯಾಯವಲ್ಲ, ಅವರಿಗೂ ಅಲ್ಲ. ಪಾಠ ಹೇಳುವ ಮನಸ್ಸಿದ್ದು ಬಂದವರು ಬೇರೆ, ಬೇರೆ ದಾರಿಯಿಲ್ಲದೆ ಬಂದವರು ಬೇರೆ. ಮಕ್ಕಳಿಗೆ ಅದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ಯಾವ ವೃತ್ತಿ ಊರೂರು ಅಲೆದರೂ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದು ಜಾಣತನಕ್ಕಿಂತ ಹೆಚ್ಚಾಗಿ ನೋಂದಣಿ ಪುಸ್ತಕ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ. ಚಾರ್ಟರ್ಡ್ ಅಕೌಂಟೆಂಟರಿಗೆ, ಆರ್ಕಿಟೆಕ್ಟರಿಗೆ ಇಡೀ ದೇಶಕ್ಕೆ ಒಂದೇ ನೋಂದಣಿ. ವಕೀಲರಿಗೂ ಪರವಾಗಿಲ್ಲ: 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ ಐವತ್ತು ವರ್ಷ ಹಾಳೆಯ ಮೇಲೇ ಮಲಗಿದ್ದು 2011ರಲ್ಲಿ ಜಾರಿಗೆ ಬಂತು, ಅಲ್ಲಿಂದ ಒಂದು ರಾಜ್ಯದಲ್ಲಿ ಸನ್ನದು ಪಡೆದವರು ದೇಶದ ಯಾವ ಕೋರ್ಟಿನಲ್ಲಾದರೂ ವಾದಿಸಬಹುದು. ಹೆಸರನ್ನೇ ಬೇರೆ ರಾಜ್ಯದ ಬಾರ್ ಕೌನ್ಸಿಲಿಗೆ ವರ್ಗಾಯಿಸಿಕೊಳ್ಳಲು ಆ ಕಾಯ್ದೆಯ ಪ್ರಕಾರ ಶುಲ್ಕವೂ ಇಲ್ಲ. ಕಕ್ಷಿದಾರರನ್ನು ಮಾತ್ರ ವರ್ಗಾಯಿಸಿಕೊಳ್ಳಲಾಗದು. ಕೆಳಗಿನ ಕೋರ್ಟುಗಳ ವ್ಯವಹಾರ ಬಹುಮಟ್ಟಿಗೆ ಆಯಾ ರಾಜ್ಯದ ಭಾಷೆಯಲ್ಲಿ ನಡೆಯುವುದರಿಂದ ಹುಬ್ಬಳ್ಳಿಯ ವಕೀಲೆ ಪಠಾಣ್‌ಕೋಟ್‌ನಲ್ಲಿ ಹೊಸಬಳೇ.

ಡಾಕ್ಟರರ, ನರ್ಸುಗಳ ಪಾಡು ಇನ್ನೂ ಕಷ್ಟ. ನೋಂದಣಿ ರಾಜ್ಯದ ಕೌನ್ಸಿಲಿನಲ್ಲಿ. ಹೊಸ ರಾಜ್ಯದಲ್ಲಿ ಕೆಲಸಕ್ಕೆ ಸೇರಬೇಕಾದರೆ ಹಳೆಯ ಕೌನ್ಸಿಲಿನಿಂದ ನಿರಾಕ್ಷೇಪಣಾ ಪತ್ರ ತರಬೇಕು, ಪ್ರಮಾಣಪತ್ರಗಳ ಪರಿಶೀಲನೆ ಆಗಬೇಕು, ಮತ್ತೆ ಶುಲ್ಕ ಕಟ್ಟಬೇಕು. ಈ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪೀಸ್ ಪೋಸ್ಟಿಂಗಿನ ತಿಂಗಳುಗಳು ಖರ್ಚಾಗುತ್ತವೆ. ದೇಶದಲ್ಲೇ ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ರಾಜ್ಯ ನಮ್ಮದು. ಇಲ್ಲಿ ಓದಿ ಸೈನಿಕರನ್ನು ಮದುವೆಯಾದವರಿಗೆ ಪ್ರತಿ ಪೋಸ್ಟಿಂಗಿನಲ್ಲೂ ಇದೇ ಸುತ್ತು. ವೈದ್ಯರಿಗಾಗಿ ನ್ಯಾಷನಲ್ ಮೆಡಿಕಲ್ ಕಮಿಷನ್ 2024ರಲ್ಲಿ ಒಂದು ರಾಷ್ಟ್ರೀಯ ನೋಂದಣಿ ಪೋರ್ಟಲ್ ಶುರು ಮಾಡಿದೆ. ರಾಜ್ಯ ಬದಲಾಯಿಸುವುದು ಇದರಿಂದ ಹಗುರಾಗಬೇಕು.

ಅಮೆರಿಕದಲ್ಲೂ ಇದೇ ಗೋಳು. ಅಲ್ಲಿನ ರಕ್ಷಣಾ ಇಲಾಖೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ದುಡಿಯಲು ಸಿದ್ಧರಿರುವ ಸೈನಿಕ ಸಂಗಾತಿಗಳಲ್ಲಿ ನೂರಕ್ಕೆ 21 ಮಂದಿ ನಿರುದ್ಯೋಗಿಗಳು ಎಂದು ಬಂತು. ಅವರು ಲೆಕ್ಕ ಹಾಕಿದರು ಎಂಬುದೇ ದೊಡ್ಡ ಮಾತು. ಲೆಕ್ಕ ಸಿಕ್ಕಿದ್ದರಿಂದ ಕಾನೂನೂ ಬಂತು: ಗಂಡ ಅಥವಾ ಹೆಂಡತಿಗೆ ಮಿಲಿಟರಿ ಆದೇಶದ ಮೇಲೆ ವರ್ಗವಾದರೆ, ಜೊತೆಗೆ ಹೋದವರ ವೃತ್ತಿ ಪರವಾನಗಿಯನ್ನು ಹೊಸ ರಾಜ್ಯವೂ ಮಾನ್ಯ ಮಾಡಬೇಕೆಂದು 2023ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ಕಾಯ್ದೆ ಜಾರಿಯಾಯಿತು. ತಮಾಷೆಯೆಂದರೆ ಆಗ ಅದರಿಂದ ಹೊರಗುಳಿದವರು ವಕೀಲರು. ಅಲ್ಲಿ ನರ್ಸಿಗೆ ಸಿಕ್ಕಿದ್ದು ವಕೀಲರಿಗೆ ಸಿಗಲಿಲ್ಲ, ಇಲ್ಲಿ ವಕೀಲರಿಗೆ ಸಿಕ್ಕಿದ್ದು ನರ್ಸಿಗೆ ಇನ್ನೂ ಸಿಕ್ಕಿಲ್ಲ.

ಹಾಗಾದರೆ ಕೇಂದ್ರ ಸರ್ಕಾರದ ನೌಕರಿಯೇ ಸುಖವೇ? ಅರ್ಧ ನಿಜ. ಗಂಡ ಹೆಂಡತಿಯನ್ನು ಒಂದೇ ಊರಲ್ಲಿ ಇಡಬೇಕೆಂದು ಕೇಂದ್ರ ಸಿಬ್ಬಂದಿ ಇಲಾಖೆ 2009ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ ಅದು ನಡೆಯುವುದು ಸಾಧ್ಯವಾದ ಮಟ್ಟಿಗೆ, ಆಡಳಿತದ ಅನುಕೂಲ ನೋಡಿಕೊಂಡು. ವಿವಾಹಿತ ಮಹಿಳಾ ನೌಕರರನ್ನು ಆದಷ್ಟೂ ಗಂಡನಿರುವ ಊರಿಗೆ ಇಲ್ಲವೇ ಹತ್ತಿರಕ್ಕೆ ಹಾಕಿ ಎಂದು 2014ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೂ ತಿಳಿಸಿತು. ದೇಶದ ತುಂಬ ಶಾಖೆಗಳಿರುವ ಬ್ಯಾಂಕಿನ ಅಧಿಕಾರಿಗೆ ಇದರಿಂದ ನಿಜವಾದ ನೆರವಾಗಬಹುದು.

ಅಂಚೆ ಇಲಾಖೆಯವರಿಗೆ ‘ರೂಲ್ 38’ ಅಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಸ್ವಂತ ಕೋರಿಕೆಯ ಮೇಲೆ ಬೇರೆ ವಿಭಾಗಕ್ಕೆ, ಬೇರೆ ಸರ್ಕಲ್ಲಿಗೆ ವರ್ಗ ಮಾಡಿಸಿಕೊಳ್ಳುವ ನಿಯಮ ಅದು. ವರ್ಗ ಸಿಗುತ್ತದೆ, ಆದರೆ ಹೊಸ ಜಾಗದ ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಎಲ್ಲರ ಕೆಳಗೆ. ರೈಲ್ವೆಯಲ್ಲೂ ಹೀಗೇ. ಹತ್ತು ವರ್ಷ ದುಡಿದವಳು ನಿನ್ನೆ ಸೇರಿದ ಹುಡುಗನ ಹಿಂದೆ ನಿಲ್ಲಬೇಕು. ಬಡ್ತಿಗೆ ಎಣಿಕೆಯಾಗುವುದು ಆ ಪಟ್ಟಿಯಾದ್ದರಿಂದ, ಎರಡು ಸಲ ಗಂಡನ ಹಿಂದೆ ಹೋದರೆ ಮುಗಿಯಿತು. ಗಂಡನಿಗೆ ದೇಶ ಕೊಟ್ಟ ಆದೇಶ ಹೆಂಡತಿಯ ಕಡತದಲ್ಲಿ ‘ಸ್ವಂತ ಕೋರಿಕೆ’ ಎಂದು ದಾಖಲಾಗುತ್ತದೆ. ಈ ಒಂದು ಕಡೆಯಾದರೂ ನಿಯಮ ತಿದ್ದಿ, ಸೈನಿಕರ ಸಂಗಾತಿಗಳ ವರ್ಗವನ್ನು ಕೋರಿಕೆ ಎಂದು ಎಣಿಸಬಾರದು ಎಂದರೆ ಸರ್ಕಾರದ ಬೊಕ್ಕಸಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟು ಹೇಳಿದ್ದು ಹೆಚ್ಚಾಗಿ ಅಧಿಕಾರಿಗಳ ಹೆಂಡತಿಯರಿಗೆ ಹೊಂದುವ ಮಾತು. ಸೈನ್ಯದಲ್ಲಿ ಹೆಚ್ಚಿನವರು ಜವಾನರು, ಜೂನಿಯರ್ ಕಮಿಷನ್ಡ್ ಆಫೀಸರುಗಳು (ಜೆ.ಸಿ.ಓ.). ಅವರಿಗೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಗುವುದು ಸರದಿ ಬಂದಾಗ, ಅದೂ ಕೆಲವೇ ವರ್ಷಕ್ಕೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಕೊಡಗಿನ ತೋಟದ ಮನೆಗಳಲ್ಲಿ ‘ಮಿಲ್ಟ್ರಿಯವರ ಮನೆ’ ಎಂದು ಊರವರು ತೋರಿಸುವ ಮನೆಯನ್ನು ನಡೆಸುತ್ತಿರುವವಳು ಹೆಂಡತಿ. ಗದ್ದೆ, ದನ, ಸ್ತ್ರೀಶಕ್ತಿ ಸಂಘದ ಲೆಕ್ಕ, ಅತ್ತೆ ಮಾವನ ಔಷಧಿ ಎಲ್ಲ ಅವಳದೇ. ಓದಿದವಳಾದರೆ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾಳೆ. ಆದರೆ ಆಶಾ ಆಗಬೇಕಾದವಳು ಅದೇ ಊರಿನ ನಿವಾಸಿಯಾಗಿರಬೇಕು. ಆ ಕೆಲಸದ ಅರ್ಥವೇ ಅದು. ಅಂಗನವಾಡಿಗೂ ಸ್ಥಳೀಯಳೇ ಬೇಕು. ಕೊನೆಗೂ ಗಂಡನಿಗೆ ಸರದಿ ಬಂದು ಅಂಬಾಲದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತು ಅನ್ನಿ. ಹೋದರೆ ಕೆಲಸ ಬೇರೆಯವರ ಪಾಲು. ಬಿಟ್ಟ ಕೆಲಸ, ವಾಪಸು ಬಂದಾಗ ಕಾದು ಕೂತಿರುವುದಿಲ್ಲ. ಗೌರವಧನ ಚಿಕ್ಕದೇ ಇರಬಹುದು, ಊರಲ್ಲಿ ‘ಟೀಚರಮ್ಮ’ ಅನ್ನಿಸಿಕೊಂಡ ಮರ್ಯಾದೆ ಚಿಕ್ಕದಲ್ಲ. ಎಷ್ಟೋ ಜನ ಈ ಲೆಕ್ಕ ಹಾಕಿಯೇ ಊರಲ್ಲಿ ಉಳಿಯುತ್ತಾರೆ.

ಸಂಬಳವಿಲ್ಲದ ಇನ್ನೊಂದು ನೌಕರಿ ಕಂಟೋನ್ಮೆಂಟಿನ ಒಳಗಿದೆ. ಜನರಲ್ ತಿಮ್ಮಯ್ಯನವರ ಹೆಂಡತಿ ನೀನಾ ತಿಮ್ಮಯ್ಯ 1935ರಲ್ಲಿ ಕ್ವೆಟ್ಟಾ ಭೂಕಂಪವಾದಾಗ, ಮದುವೆಯಾಗಿ ಇನ್ನೂ ಆರು ತಿಂಗಳು ತುಂಬುವ ಮೊದಲೇ, ಅಲ್ಲಿನ ಸಂತ್ರಸ್ತರ ಸೇವೆಗೆ ಇಳಿದರು. ಅದಕ್ಕೆ ಕೈಸರ್-ಇ-ಹಿಂದ್ ಪದಕವೂ ಬಂತು. ಆ ಕಾಲಕ್ಕೆ ಅಧಿಕಾರಿಯ ಹೆಂಡತಿಯಿಂದ ಸೈನ್ಯ ನಿರೀಕ್ಷಿಸುತ್ತಿದ್ದುದೇ ಇಂಥ ಸೇವೆಯನ್ನು. 1966ರಲ್ಲಿ ಹುಟ್ಟಿದ ಆರ್ಮಿ ವೈವ್ಸ್ ವೆಲ್ಫೇರ್ ಅಸೋಸಿಯೇಷನ್ ಈ ಸೇವೆಗೆ ಒಂದು ರೂಪ ಕೊಟ್ಟಿತು: ವಿಶೇಷ ಮಕ್ಕಳ ಆಶಾ ಶಾಲೆಗಳು, ಹುತಾತ್ಮ ಯೋಧರ ಹೆಂಡತಿಯರಿಗೆ, ಅಂದರೆ ವೀರನಾರಿಯರಿಗೆ ನೆರವು, ಹೊಲಿಗೆ ಮತ್ತು ಕಂಪ್ಯೂಟರ್ ತರಬೇತಿ. ಸೇನಾ ಮುಖ್ಯಸ್ಥರ ಹೆಂಡತಿಯೇ ಅದರ ಅಧ್ಯಕ್ಷೆ. ಅಂದರೆ ಗಂಡನ ರ‍್ಯಾಂಕು ಏರಿದಂತೆ ಹೆಂಡತಿಯ ಜವಾಬ್ದಾರಿಯೂ ಏರುತ್ತದೆ. ಕಮಾಂಡಿಂಗ್ ಆಫೀಸರರ ಹೆಂಡತಿ ನೂರಾರು ಕುಟುಂಬಗಳ ಕಷ್ಟಸುಖ ಕೇಳುತ್ತಾಳೆ, ಕ್ರೆಶ್ ನಡೆಸುತ್ತಾಳೆ, ಗಂಡನನ್ನು ಕಳೆದುಕೊಂಡವಳ ಮನೆಗೆ ಮೊದಲು ಹೋಗಿ ಕೂರುತ್ತಾಳೆ. ಯಾವುದೇ ಕಂಪನಿಯಲ್ಲಿ ಇದನ್ನು ಮಾಡುವವರಿಗೆ ಹುದ್ದೆ ಇದೆ, ಸಂಬಳ ಇದೆ. ಇವಳ ಬಯೋಡೇಟಾದಲ್ಲಿ ಆ ವರ್ಷಗಳ ಜಾಗ ಖಾಲಿ.

ಜೊತೆಗೆ ಹೊತ್ತೊಯ್ಯಬಹುದಾದ ಕೆಲಸ ಹಿಡಿದವರು ಸ್ವಲ್ಪ ಗೆದ್ದಿದ್ದಾರೆ. ರಚನಾ ಬಿಷ್ಟ್ ರಾವತ್ ಸೈನ್ಯದ ಅಧಿಕಾರಿಯ ಮಗಳು, ಅಧಿಕಾರಿಯ ಹೆಂಡತಿ, ಪತ್ರಕರ್ತೆ. ಪರಮವೀರ ಚಕ್ರ ಪಡೆದವರ ಕಥೆಗಳನ್ನು ಹೇಳುವ ಅವರ ‘ದಿ ಬ್ರೇವ್’ 2014ರಲ್ಲಿ ಬಂತು. ಮುಂದೆಯೂ ಅವರು ಸೈನ್ಯದ ಬಗ್ಗೆಯೇ ಪುಸ್ತಕದ ಮೇಲೆ ಪುಸ್ತಕ ಬರೆದರು. ಕಾರ್ಪೊರೇಟ್ ಕೆಲಸದಲ್ಲಿದ್ದ ಸ್ವಪ್ನಿಲ್ ಪಾಂಡೆ ಸೈನಿಕರ ಹೆಂಡತಿಯರ ಬದುಕನ್ನೇ ವಸ್ತು ಮಾಡಿಕೊಂಡು 2021ರಲ್ಲಿ ‘ದಿ ಫೋರ್ಸ್ ಬಿಹೈಂಡ್ ದಿ ಫೋರ್ಸಸ್’ ಬರೆದರು. ಇಬ್ಬರಿಗೂ ಕಂಟೋನ್ಮೆಂಟ್ ಅಡ್ಡಿಯಾಗುವ ಬದಲು ಸರಕಾಯಿತು. ಎಲ್ಲರೂ ಲೇಖಕಿಯರಾಗಲು ಸಾಧ್ಯವಿಲ್ಲ, ಆಗಬೇಕಿಲ್ಲ ಕೂಡ. ಕೋವಿಡ್ ನಂತರ ಮನೆಯಿಂದಲೇ ಮಾಡುವ ಸಾಫ್ಟ್‌ವೇರ್, ಅಕೌಂಟ್ಸ್, ಅನುವಾದ, ಆನ್‌ಲೈನ್ ಪಾಠ, ಆಪ್ತಸಮಾಲೋಚನೆಯಂಥ ಕೆಲಸಗಳಿಂದ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಟ್ರಂಕಿನೊಳಗೆ ಹೋಗದೆ ಕೈಚೀಲದಲ್ಲೇ ಉಳಿದಿದೆ.

ದುಡ್ಡಿನ ಮಾತು ಯಾರೂ ಆಡುವುದಿಲ್ಲ, ಆಡಲೇಬೇಕು. ಖಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಒಂದೇ ಕಡೆ ಸತತ ಐದು ವರ್ಷ ದುಡಿದಿರಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಊರು ಬಿಡುವವಳಿಗೆ ಅದು ಜೀವಮಾನದಲ್ಲಿ ಸಿಗುವುದಿಲ್ಲ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆ ಹೇಳುತ್ತದೆ. ಒಪ್ಪಂದದ ಮೇಲೆ ದುಡಿಯುವವರು ಇದನ್ನು ಕೇಳಿ ಪಡೆಯಬೇಕು. ಪಿ.ಎಫ್. ವಿಷಯದಲ್ಲಿ ತಪ್ಪು ಮಾಡುವವರೇ ಹೆಚ್ಚು: ಕೆಲಸ ಬಿಟ್ಟಾಗಲೆಲ್ಲ ಖಾತೆ ಖಾಲಿ ಮಾಡಿ ಹೊಸ ಊರಿನ ಪರದೆ, ಫ್ರಿಜ್ಜಿಗೆ ಸುರಿಯುತ್ತಾರೆ. ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಹಿಂದಿನ ಸೇವೆ ಅಳಿಸಿಹೋಗುತ್ತದೆ. ತೆಗೆಯದೆ ಅದೇ ಯು.ಎ.ಎನ್. ನಂಬರಿಗೆ ವರ್ಗಾಯಿಸಿಕೊಂಡರೆ ಬೇರೆ ಬೇರೆ ಊರಿನ ತುಂಡು ತುಂಡು ಸೇವೆ ಒಟ್ಟುಗೂಡಿ, ಹತ್ತು ವರ್ಷ ತುಂಬಿದರೆ ಪಿಂಚಣಿಗೆ ಅರ್ಹತೆ ಬರುತ್ತದೆ. ಟ್ರಂಕು ಕಟ್ಟುವ ಮೊದಲೇ ಅನುಭವದ ಪ್ರಮಾಣಪತ್ರ, ರಿಲೀವಿಂಗ್ ಲೆಟರ್, ಕೌನ್ಸಿಲಿನ ನಿರಾಕ್ಷೇಪಣಾ ಪತ್ರ ಕೈಗೆ ಬಂದಿರಬೇಕು. ಎರಡು ಸಾವಿರ ಕಿಲೋಮೀಟರ್ ಆಚೆಯಿಂದ ಫೋನ್ ಮಾಡಿದರೆ ಎತ್ತುವವರು ಇರುವುದಿಲ್ಲ.

ಈ ಕಥೆ ಈಗ ಹೆಂಗಸರದು ಮಾತ್ರವಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ಸೇವೆ, ಕೊಡಬೇಕೆಂದ ಮೇಲೆ, ಹೆಂಡತಿಯ ಪೋಸ್ಟಿಂಗಿಗೆ ತಕ್ಕಂತೆ ತಮ್ಮ ಕೆಲಸ ಹೊಂದಿಸಿಕೊಳ್ಳಬೇಕಾದ ಗಂಡಂದಿರೂ ಹೆಚ್ಚುತ್ತಾರೆ. ಅಂಥ ಗಂಡಂದಿರನ್ನು ಕಾನೂನು ಗುರುತಿಸಿದ್ದೇ ತಡವಾಗಿ: ಚುನಾವಣಾ ಕಾನೂನಿಗೆ 2021ರ ತಿದ್ದುಪಡಿ ಬರುವವರೆಗೆ ಸೈನಿಕನ ಹೆಂಡತಿ ಗಂಡನ ಜೊತೆ ಸೇವಾ ಮತದಾರಳಾಗಿ ಹೆಸರು ನೋಂದಾಯಿಸಬಹುದಿತ್ತು, ಮಹಿಳಾ ಸೈನಿಕರ ಗಂಡನಿಗೆ ಆ ಅವಕಾಶ ಇರಲಿಲ್ಲ. ಗಂಡಸರೂ ಕ್ಯೂನಲ್ಲಿ ನಿಂತ ಮೇಲೆ ಕೌಂಟರ್ ಬೇಗ ತೆರೆಯುವುದು ನಮ್ಮ ದೇಶದ ಅನುಭವ. ಇಲ್ಲೂ ಹಾಗೇ ಆದರೆ ಬೇಡವೆನ್ನುವವರು ಯಾರು?

ಉಳಿದದ್ದು ಕೆಲಸ ಕೊಡುವವರ ಪಾಲಿನದು. ಸಂದರ್ಶನದಲ್ಲಿ ಗಂಡ ಆರ್ಮಿಯಲ್ಲಿದ್ದಾರೆ ಎಂದಾಕ್ಷಣ ಮೊದಲು ಗೌರವ, ಆಮೇಲೆ ‘ಎಷ್ಟು ದಿನ ಇರ್ತೀರಿ ಮೇಡಂ?’ ಎಂಬ ಪ್ರಶ್ನೆ. ಕೆಲಸ ಬಿಟ್ಟು ಮತ್ತೆ ಬರುವ ಹೆಂಗಸರಿಗಾಗಿ ಟಾಟಾ ಸಮೂಹ 2008ರಲ್ಲೇ ಒಂದು ಯೋಜನೆ ಶುರು ಮಾಡಿತು. ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ ‘ಜಾಬ್ಸ್ ಫಾರ್ ಹರ್’, ಈಗಿನ ‘ಹರ್ ಕೀ’, ನಿಂತದ್ದೇ ಇಂಥವರ ಮೇಲೆ. ಆದರೆ ಬಿಟ್ಟವರನ್ನು ಮತ್ತೆ ಕರೆಯುವುದಕ್ಕಿಂತ ಬಿಡದಂತೆ ನೋಡಿಕೊಳ್ಳುವುದು ಸುಲಭ, ಅಗ್ಗ. ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲೂ ಕಚೇರಿಗಳಿವೆ. ಆ ಊರುಗಳಲ್ಲಿ ಸೈನ್ಯದ ನೆಲೆಗಳೂ ಇವೆ. ಪೋಸ್ಟಿಂಗ್ ಬಂದಿದೆ ಎಂದು ರಾಜೀನಾಮೆ ಹಿಡಿದು ಬಂದ ಉದ್ಯೋಗಿಯ ಪತ್ರಕ್ಕೆ ಸಹಿ ಹಾಕುವ ಮೊದಲು, ಆ ಊರಿನ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇದೆಯೇ ಎಂದು ಎಚ್.ಆರ್. ವಿಭಾಗದವರು ಒಮ್ಮೆ ವಿಚಾರಿಸಲಿ.